ಪೆಟ್ರೋಲ್ ಕುಡಿದ ಇದ್ದಿಲು

"ಎಂತ ಮಾರಾಯ್ರೆ, ಇದ್ದಿಲು ಪೂರಾ ಪೆಟ್ರೋಲ್ ಕುಡಿದಿದೆಯಲ್ಲ!"

ಉಡುಪಿಯ ಅಂಬಲಪಾಡಿಯ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಒಂದು ಕರಿ ಪ್ಲಾಸ್ಟಿಕ್ ಡಬ್ಬಿಯನ್ನು ನನ್ನ ಕೈಗೆ ಕೊಟ್ಟರು. ಬಗ್ಗಿಸಿದರೆ ಅದರ ಮೂತಿಯಿಂದ ತೊಟ ತೊಟ ಪೆಟ್ರೋಲ್. ನನ್ನ ಕಾರು 2006ರದ್ದು. ಟ್ಯಾಂಕ್ ಫುಲ್ ಮಾಡಿಸಿದ ದಿನವೇ ಸ್ಟಾರ್ಟ್ ಆಗಲು ಹಟ ಮಾಡುತ್ತಿತ್ತು. ಅರ್ಧ ಟ್ಯಾಂಕ್ ಇದ್ದಾಗ ತಕರಾರಿಲ್ಲ. ನಾನು ಪ್ಲಗ್ ಬದಲಿಸಿದೆ, ಬ್ಯಾಟರಿ ಬದಲಿಸಿದೆ. ಚಾರ್‌ಕೋಲ್ ಕ್ಯಾನಿಸ್ಟರ್ ಅನ್ನುವ ಈ ಡಬ್ಬಿಯ ಹೆಸರನ್ನೇ ಕೇಳಿರಲಿಲ್ಲ.

ಪೆಟ್ರೋಲ್ ಆವಿಯಾಗಲು ಬೆಂಕಿ ಬೇಡ. ಮಲ್ಪೆ ಬೀಚಿನ ಬಿಸಿಲಲ್ಲಿ ಎರಡು ಗಂಟೆ ಕಾರು ನಿಲ್ಲಿಸಿದರೆ ಸಾಕು, ಟ್ಯಾಂಕಿನೊಳಗೆ ಆವಿ ಹೆಚ್ಚಿ ಹೊರಗೆ ದಾರಿ ಹುಡುಕುತ್ತದೆ. ಒಂದು ಕಾಲದಲ್ಲಿ ಅದನ್ನು ಸೀದಾ ಗಾಳಿಗೆ ಬಿಡುತ್ತಿದ್ದರು. ಅದು ಹೊಗೆಯಲ್ಲಿರುವ ನೈಟ್ರೋಜನ್ ಆಕ್ಸೈಡ್ ಜೊತೆ ಬಿಸಿಲಲ್ಲಿ ಬೆರೆತರೆ ಓಝೋನ್ ಹುಟ್ಟುತ್ತದೆ. ಆಕಾಶದ ಮೇಲ್ಪದರದಲ್ಲಿ ನಮ್ಮನ್ನು ಕಾಯುವ ಓಝೋನ್, ನೆಲದ ಹತ್ತಿರ ಇದ್ದರೆ ಶ್ವಾಸಕೋಶಕ್ಕೆ ಕೇಡು. ಹೊಗೆಮಂಜಿನಿಂದ ಬೇಸತ್ತಿದ್ದ ಕ್ಯಾಲಿಫೋರ್ನಿಯಾ 1970ರ ಮಾಡೆಲ್ ಕಾರುಗಳಿಂದಲೇ ಆವಿಯನ್ನು ಹಿಡಿದಿಡಬೇಕೆಂದು ನಿಯಮ ಮಾಡಿತು. ಮರುವರ್ಷ ಅಮೆರಿಕ ಇಡೀ ಅದೇ ನಿಯಮ ಬಂತು.

ಹಿಡಿಯುವ ಕೆಲಸ ಇದ್ದಿಲಿನದು. ಇದು ಒಲೆಯ ಇದ್ದಿಲಲ್ಲ, ಒಳಗೆಲ್ಲ ಸೂಕ್ಷ್ಮ ರಂಧ್ರಗಳು ಬರುವಂತೆ ಹದ ಮಾಡಿದ್ದು. ಇದರ ಒಂದೇ ಗ್ರಾಮಿನೊಳಗಿನ ಗೋಡೆಗಳನ್ನೆಲ್ಲ ಬಿಡಿಸಿ ಹರಡಿದರೆ ಸಾವಿರ ಚದರ ಮೀಟರ್ ದಾಟುತ್ತದೆ. ನಮ್ಮೂರ ಲೆಕ್ಕದಲ್ಲಿ 25 ಸೆಂಟ್ಸ್ ಜಾಗ! ಒಂದು ಚಿಟಿಕೆ ಪುಡಿಯಲ್ಲಿ ಮನೆ, ಬಾವಿ, ನಾಲ್ಕು ತೆಂಗಿನ ಮರಕ್ಕೆ ಸಾಕಾಗುವಷ್ಟು. ಸ್ಪಂಜು ನೀರನ್ನು ಹೀರಿದ ಹಾಗೆ ಇದು ಆವಿಯನ್ನು ಹೀರುವುದಿಲ್ಲ. ಆವಿಯ ಕಣಗಳು ಈ ಗೋಡೆಗಳಿಗೆ ತೆಳ್ಳಗೆ ಅಂಟಿಕೊಳ್ಳುತ್ತವೆ, ಅಷ್ಟೆ.

ಹಾಗಾದರೆ ನಮ್ಮ ತೆಂಗಿನ ಗೆರಟೆಯ ಇದ್ದಿಲು ಇದಕ್ಕೆ ಚೆನ್ನಾಗಿ ಆಗಬೇಕು, ಅಲ್ವಾ? ನಾನೂ ಹಾಗೇ ಅಂದುಕೊಂಡೆ. ಮನೆಯ ನೀರಿನ ಫಿಲ್ಟರಿನಲ್ಲಿ ಇರುವುದು ಹೆಚ್ಚಾಗಿ ಅದೇ. ಮೊದಲ ಮಹಾಯುದ್ಧದ ವಿಷಾನಿಲದ ಮುಖವಾಡಗಳಿಗೂ ಅದನ್ನು ತುಂಬಿದ್ದರು. ಆದರೆ ಗೆರಟೆಯ ಇದ್ದಿಲಿನ ರಂಧ್ರಗಳು ತೀರಾ ಕಿರಿದು, ಹೆಚ್ಚಿನವು 2 ನ್ಯಾನೋಮೀಟರಿಗಿಂತ ಸಣ್ಣವು. ಸಿಕ್ಕಿದ್ದನ್ನು ಗಟ್ಟಿಯಾಗಿ ಹಿಡಿದುಕೊಂಡು ಬಿಡುವುದೇ ಇಲ್ಲ. ಮುಖವಾಡಕ್ಕೆ ಅದು ಒಳ್ಳೆಯ ಗುಣ. ಕಾರಿಗೆ ಬೇಕಾದದ್ದು ಹಿಡಿದು, ಕೇಳಿದಾಗ ಬಿಡುವ ಇದ್ದಿಲು. ಅದಕ್ಕೇ ಕಾರಿನ ಡಬ್ಬಿಗೆ ಸಾಮಾನ್ಯವಾಗಿ ರಂಧ್ರ ಸ್ವಲ್ಪ ಅಗಲವಿರುವ ಮರದ ಇದ್ದಿಲನ್ನು ಆರಿಸುತ್ತಾರೆ.

ಬಿಡಿಸುವುದು ಎಂಜಿನ್. ಅದು ಬಿಸಿಯಾಗಿ ಓಡುತ್ತಿರುವಾಗ, ಡಬ್ಬಿಗೂ ಎಂಜಿನ್ನಿಗೂ ನಡುವೆ ಇರುವ ಪರ್ಜ್ ವಾಲ್ವ್ ತೆರೆಯುತ್ತದೆ. ಎಂಜಿನ್ನಿನ ಎಳೆತಕ್ಕೆ ಹೊರಗಿನ ಗಾಳಿ ಇದ್ದಿಲಿನ ಮೂಲಕ ನುಗ್ಗಿ, ಅಂಟಿದ ಆವಿಯನ್ನು ಕಿತ್ತು ಎಂಜಿನ್ನಿಗೆ ಒಯ್ಯುತ್ತದೆ, ಅಲ್ಲಿ ಅದು ಉರಿಯುತ್ತದೆ. ಡಬ್ಬಿ ಮತ್ತೆ ಖಾಲಿ. ನನ್ನ ಕಾರು ಹೋಗುತ್ತಿದ್ದದ್ದು ಮೀನು ತರಲು, ತರಕಾರಿ ತರಲು. ಎಂಜಿನ್ ಬಿಸಿಯಾಗುವಷ್ಟರಲ್ಲಿ ಮನೆ ಬಂದಿರುತ್ತಿತ್ತು. ಡಬ್ಬಿಗೆ ಖಾಲಿಯಾಗಲು ಪುರುಸೊತ್ತೇ ಇಲ್ಲ. ವಾರಕ್ಕೊಮ್ಮೆ ಕುಂದಾಪುರದ ತನಕ ಹೋಗಿ ಬನ್ನಿ ಅಂದರು ಮೆಕ್ಯಾನಿಕ್. ಮನೆಯಲ್ಲಿ ಎಲ್ಲರಿಗೂ ಖುಷಿ.

ಆದರೆ ಡಬ್ಬಿಯನ್ನು ಕೆಡಿಸಿದ್ದು ಅದಲ್ಲ. ಬಂಕಿನಲ್ಲಿ ನಳಿಗೆ ಟಕ್ಕೆಂದು ನಿಂತ ಮೇಲೂ "ರೌಂಡ್ ಮಾಡ್ಲಾ ಸರ್?" ಎಂದು ಕೇಳುತ್ತಾರಲ್ಲ, ನಾನು ಪ್ರತಿ ಸಲ ಹ್ಞೂಂ ಅನ್ನುತ್ತಿದ್ದೆ. ಆವಿಗೆಂದು ಟ್ಯಾಂಕಿನಲ್ಲಿ ಬಿಟ್ಟ ಜಾಗ ತುಂಬಿ, ಪೆಟ್ರೋಲೇ ಡಬ್ಬಿಗೆ ಹರಿಯುತ್ತಿತ್ತು. ಹಾಗೆ ತೊಯ್ದ ಇದ್ದಿಲು ಒಣಗಿದರೂ ಮೊದಲಿನಂತಾಗುವುದು ಕಷ್ಟ. ಕಾಳುಗಳು ಪುಡಿಯಾಗಿ ವಾಲ್ವಿಗೂ ಸಿಕ್ಕಿಕೊಂಡಿದ್ದವು. ವಾಲ್ವ್ ಪೂರ್ತಿ ಮುಚ್ಚದೆ, ಟ್ಯಾಂಕ್ ಫುಲ್ ಮಾಡಿಸಿದ ದಿನ ಆವಿಯೆಲ್ಲ ಎಂಜಿನ್ನಿಗೆ ನುಗ್ಗುತ್ತಿತ್ತು, ಸ್ಟಾರ್ಟ್ ಆಗಲು ಹಟ ಅದಕ್ಕೇ. ಎರಡನ್ನೂ ಬದಲಿಸಬೇಕಾಯಿತು.

ತೊಳೆದು ಒಣಗಿಸಿದರೆ ಆಗದಾ ಎಂದು ಕೇಳಿದ್ದೆ. ನೀರು ಹಾಕಬಾರದು, ಕಂಪ್ರೆಸರ್ ಗಾಳಿ ಜೋರಾಗಿ ಹೊಡೆದರೆ ಒಳಗಿನ ಫಿಲ್ಟರ್ ಹರಿಯುತ್ತದೆ, ಬಿಸಿ ಮಾಡುವುದಂತೂ ಬೆಂಕಿಗೆ ಆಹ್ವಾನ. ಪರ್ಜ್ ವಾಲ್ವನ್ನು ಮಾತ್ರ ಮನೆಯಲ್ಲೇ ಪರೀಕ್ಷಿಸಬಹುದು. ಎಂಜಿನ್ ತಣ್ಣಗಿದ್ದಾಗ ಬಿಚ್ಚಿ, ಒರೆಸಿ, ಊದಿ ನೋಡಿ. ಕರೆಂಟ್ ಇಲ್ಲದಾಗ ಗಾಳಿ ದಾಟಬಾರದು. ಊದಿ, ಎಳೆಯಬೇಡಿ! ಬಿರುಕು ಬಿಟ್ಟ ಪೈಪಿನ ಜಾಗಕ್ಕೆ ಗಾರೆಯವರ ಲೆವೆಲ್ ಪೈಪ್ ಸಿಕ್ಕಿಸುವವರೂ ಇದ್ದಾರೆ. ಪೆಟ್ರೋಲಿಗೆ ಅದು ಬೇಗ ಕಲ್ಲಾಗುತ್ತದೆ. ಪೆಟ್ರೋಲಿಗೆಂದೇ ಮಾಡಿದ ರಬ್ಬರ್ ಹೋಸೇ ಬೇಕು.

ಇನ್ನುಳಿದದ್ದು ಡಬ್ಬಿ ಹೊರಗಿನ ಗಾಳಿ ಎಳೆದುಕೊಳ್ಳುವ ಪೈಪು. ಅದು ಕಟ್ಟಿಕೊಂಡರೆ ಟ್ಯಾಂಕಿನ ಮುಚ್ಚಳ ತೆಗೆಯುವಾಗ ಬುಸ್ಸೆಂದು ಗಾಳಿ ಒಳಗೆ ಎಳೆಯುತ್ತದೆ. 2011ರಲ್ಲಿ ಮಜ್ದಾ ಕಂಪನಿ ಅಮೆರಿಕದಲ್ಲಿ ಸಾವಿರಾರು ಕಾರುಗಳನ್ನು ವಾಪಸ್ ಕರೆಸಿಕೊಂಡದ್ದು ಈ ಪೈಪಿನಲ್ಲಿ ಹಳದಿ ಜೇಡವೊಂದು ಬಲೆ ನೇಯುತ್ತದೆಂದು. ನಮ್ಮಲ್ಲಿ ಕೀಲಿತೂತಿಗೂ ಮಣ್ಣು ಮೆತ್ತುವ ಕಣಜಗಳಿವೆ, ಮಳೆಗಾಲದ ಕೆಸರಿದೆ. ಪ್ರತಿವರ್ಷ ಮಳೆ ನಿಂತ ಮೇಲೆ ನಾನೊಮ್ಮೆ ಕಾರಿನಡಿ ಬಗ್ಗಿ ಅದರ ಬಾಯಿಗೆ ಟಾರ್ಚ್ ಬಿಟ್ಟು ನೋಡುತ್ತೇನೆ.