ಬೀದರಿನಿಂದ ಸಿಗ್ರಾಫ್‌ಗೆ: ಎಂಪಿ4 ಒಂದೇ ಸಾಕೇ?

ಪ್ರಶ್ನೆ: ಬಿದ್ರಿ ಹೂಜಿಯ ಮೇಲಿನ ಬಳ್ಳಿ ಜೀವ ತಳೆಯುವ ಮೂರು ನಿಮಿಷದ ಚಿತ್ರವನ್ನು ಬ್ಲೆಂಡರ್ ಎಂಬ ಉಚಿತ 3ಡಿ ಅನಿಮೇಷನ್ ತಂತ್ರಾಂಶದಲ್ಲಿ ಮಾಡುತ್ತಿದ್ದೇನೆ. ಮನೆಯ ಕಂಪ್ಯೂಟರ್, ಒಂದೇ ಗ್ರಾಫಿಕ್ಸ್ ಕಾರ್ಡ್. ಸಿಗ್ರಾಫ್‌ನಂಥ ಉತ್ಸವಕ್ಕೆ ಕಳಿಸಬಹುದೇ? ನೇರವಾಗಿ ಎಂಪಿ4 ಮಾಡಿಬಿಟ್ಟರೆ ಸಾಕೇ?

ಉತ್ತರ: ಕಳಿಸಬಹುದು. ಸಿಗ್ರಾಫ್ ಎಂಬ ಕಂಪ್ಯೂಟರ್ ಗ್ರಾಫಿಕ್ಸ್ ಸಮ್ಮೇಳನ ಶುರುವಾದದ್ದು 1974ರಲ್ಲಿ. ಅದರ ಕಂಪ್ಯೂಟರ್ ಅನಿಮೇಷನ್ ಉತ್ಸವದಲ್ಲಿ ದೊಡ್ಡ ಸ್ಟುಡಿಯೋಗಳ ಪಕ್ಕದಲ್ಲೇ ವಿದ್ಯಾರ್ಥಿಗಳ ಕಿರುಚಿತ್ರಗಳೂ ವೈಜ್ಞಾನಿಕ ಅನಿಮೇಷನ್‌ಗಳೂ ತೆರೆ ಕಾಣುತ್ತವೆ. 2008ರಿಂದ ಸಿಗ್ರಾಫ್ ಏಷ್ಯಾ ಬೇರೆಯಾಗಿಯೇ ನಡೆಯುತ್ತಿದ್ದು, ಅಲ್ಲಿಯೂ ಇಂಥದ್ದೇ ಉತ್ಸವವಿದೆ. ಬ್ಲೆಂಡರ್ ಚಿತ್ರಗಳಿಗೆಂದೇ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಕೊಡುವ ಸುಜಾನ್ ಪ್ರಶಸ್ತಿಗಳೂ ಇವೆ.

ಆದರೆ ನೇರವಾಗಿ ಎಂಪಿ4 ರೆಂಡರ್ ಮಾಡುವ (ಕಂಪ್ಯೂಟರಿನಿಂದ ದೃಶ್ಯವನ್ನು ಚಿತ್ರವಾಗಿಸುವ) ಯೋಚನೆ ಬಿಡಿ. ಲೆಕ್ಕ ಹಾಕಿ ನೋಡಿ: ಸೆಕೆಂಡಿಗೆ 24 ಫ್ರೇಮ್, ಮೂರು ನಿಮಿಷಕ್ಕೆ 4,320 ಫ್ರೇಮ್. ಒಂದಕ್ಕೆ ಎರಡು ನಿಮಿಷ ಹಿಡಿದರೂ 144 ಗಂಟೆ, ಅಂದರೆ ಆರು ದಿನ, ಆರು ರಾತ್ರಿ. ನಮ್ಮ ಕಡೆ ಆರು ದಿನ ಕರೆಂಟ್ ಹೋಗದೆ ಇದ್ದೀತೇ? ವಿಡಿಯೋ ಫೈಲ್ ಬರೆಯುವಾಗ ನಡುವೆ ಕರೆಂಟ್ ಹೋದರೆ ಆ ಫೈಲ್ ಬಹುತೇಕ ತೆರೆಯುವುದೇ ಇಲ್ಲ. ಪ್ರತಿ ಫ್ರೇಮನ್ನೂ 16 ಬಿಟ್ (ಬಣ್ಣದ ಮೆಟ್ಟಿಲು ಹೆಚ್ಚಿರುವ) ಪಿಎನ್‌ಜಿ ಅಥವಾ ಇಎಕ್ಸ್‌ಆರ್ ಚಿತ್ರವಾಗಿ ಉಳಿಸಿದರೆ ಹೋಗುವುದು ಒಂದೇ ಫ್ರೇಮ್. ಫ್ರೇಮಿಗೆ 10 ಎಂಬಿ ಎಂದರೂ ಒಟ್ಟು 43 ಜಿಬಿ. ಅಷ್ಟು ಜಾಗ ಖಾಲಿ ಇಟ್ಟುಕೊಳ್ಳಿ.

ಔಟ್‌ಪುಟ್ ಭಾಗದಲ್ಲಿ ‘ಓವರ್‌ರೈಟ್’ ಗುರುತು ತೆಗೆದರೆ, ಮತ್ತೆ ಚಾಲೂ ಮಾಡಿದಾಗ ಆಗಲೇ ಇರುವ ಫ್ರೇಮುಗಳನ್ನು ಬ್ಲೆಂಡರ್ ದಾಟಿ ಹೋಗುತ್ತದೆ. ಇಲ್ಲೊಂದು ತೊಡಕಿದೆ. ಅರ್ಧಕ್ಕೆ ನಿಂತ ಫ್ರೇಮಿನ ಫೈಲೂ ಫೋಲ್ಡರ್‌ನಲ್ಲಿ ಉಳಿದಿದ್ದರೆ, ಮುಗಿದದ್ದೆಂದೇ ತಿಳಿದು ಅದನ್ನೂ ದಾಟುತ್ತದೆ. ಹಾಗಾಗಿ ಫೈಲುಗಳನ್ನು ಗಾತ್ರದ ಪ್ರಕಾರ ಜೋಡಿಸಿ ನೋಡಿ, ಸೊನ್ನೆ ಬೈಟಿನವನ್ನೂ ಕೊನೆಗೆ ಬರೆದ ಫ್ರೇಮನ್ನೂ ಅಳಿಸಿ, ಆಮೇಲೆ ಶುರು ಮಾಡಿ.

ಬೇಸಿಗೆಯಲ್ಲಿ ಮಾಡುವುದಾದರೆ ರಾತ್ರಿ ರೆಂಡರ್ ಇಡಿ. ಕೋಣೆಯೇ 40 ಡಿಗ್ರಿ ಕಾದಿದ್ದರೆ ಕಾರ್ಡ್ ಬಿಸಿ ತಾಳದೆ ತಾನೇ ವೇಗ ಇಳಿಸುತ್ತದೆ. ಕೂಲರ್ ಗಾಳಿಯನ್ನು ಮಾತ್ರ ನೇರ ಕ್ಯಾಬಿನೆಟ್ ಕಡೆ ತಿರುಗಿಸಬೇಡಿ, ಅದರಲ್ಲಿ ನೀರಿನ ಪಸೆ ಇರುತ್ತದೆ.

ಬಿದ್ರಿ ಎಂದಿದ್ದೀರಿ, ಅಲ್ಲೇ ನಿಜವಾದ ಕಷ್ಟ. ಕಪ್ಪು ಲೋಹದ ಮೇಲೆ ಸಣ್ಣ ಬೆಳ್ಳಿ ಎಳೆ. ಕ್ಯಾಮೆರಾ ದೂರ ಸರಿದಾಗ ಎಳೆ ಒಂದು ಪಿಕ್ಸೆಲ್‌ಗಿಂತ ತೆಳ್ಳಗಾಗಿ ಮಿಣಮಿಣ ಮಿಟುಕುತ್ತದೆ. ದೂರದ ಶಾಟ್‌ಗೆ ಎಳೆಯನ್ನು ತುಸು ದಪ್ಪ ಮಾಡಿದ ಇನ್ನೊಂದು ಹೂಜಿ ಇಟ್ಟುಕೊಳ್ಳುವುದೇ ಒಳ್ಳೆಯ ಉಪಾಯ. ಬರೀ ಸ್ಯಾಂಪಲ್ (ಪ್ರತಿ ಪಿಕ್ಸೆಲ್‌ಗೆ ಬೆಳಕಿನ ಲೆಕ್ಕ ಹಾಕುವ ಸಲ) ಏರಿಸುತ್ತ ಹೋದರೆ ಸಮಯ ಹಾಳು. ಬೆಳ್ಳಿಯ ‘ರಫ್‌ನೆಸ್’ (ಮೇಲ್ಮೈಯ ಒರಟುತನ) ಸೊನ್ನೆ ಬೇಡ, 0.2ರಿಂದ 0.3 ಇರಲಿ. ಅಲ್ಲಲ್ಲಿ ಬಿಳಿ ಚುಕ್ಕೆ ಸಿಡಿದರೆ ‘ಇಂಡೈರೆಕ್ಟ್ ಕ್ಲ್ಯಾಂಪ್’ (ಪುಟಿದು ಬರುವ ಬೆಳಕಿಗೆ ಹಾಕುವ ಮಿತಿ) ಅನ್ನು 10ರಿಂದ 4ರ ಆಸುಪಾಸಿಗೆ ಇಳಿಸಿ. ಇನ್ನು ಕಪ್ಪು ಹಿನ್ನೆಲೆ: 8 ಬಿಟ್‌ನಲ್ಲಿ ಉಳಿಸಿದರೆ ದೊಡ್ಡ ಪರದೆಯ ಮೇಲೆ ನೆರಳು ಪಟ್ಟೆಪಟ್ಟೆಯಾಗಿ ಕಾಣುತ್ತದೆ. ಮೇಲೆ 16 ಬಿಟ್ ಎಂದದ್ದು ಅದಕ್ಕೇ.

ಫ್ರೇಮುಗಳನ್ನು ಬ್ಲೆಂಡರ್‌ನ ವಿಡಿಯೋ ಸೀಕ್ವೆನ್ಸರ್‌ನಲ್ಲೇ ಜೋಡಿಸಬಹುದು. ಪಿಎನ್‌ಜಿ ಆದರೆ, ಜೋಡಿಸಲು ತೆರೆದ ಹೊಸ ಬ್ಲೆಂಡರ್ ಫೈಲಿನ ‘ವ್ಯೂ ಟ್ರಾನ್ಸ್‌ಫಾರ್ಮ್’ (ಪರದೆಗೆ ಬಣ್ಣ ಹೊಂದಿಸುವ ಆಯ್ಕೆ) ‘ಸ್ಟ್ಯಾಂಡರ್ಡ್’ ಇರಬೇಕು. ರೆಂಡರ್‌ನಲ್ಲಿ ಆಗಲೇ ಹತ್ತಿದ ‘ಎಜಿಎಕ್ಸ್’ ಎಂಬ ಆಯ್ಕೆಯನ್ನು ಇಲ್ಲೂ ಹಾಗೇ ಬಿಟ್ಟರೆ ಬಣ್ಣಕ್ಕೆ ಅದು ಎರಡನೇ ಸಲ ಹತ್ತಿ ಚಿತ್ರ ಸಪ್ಪಗಾಗುತ್ತದೆ. ಶೀರ್ಷಿಕೆ ಕನ್ನಡದಲ್ಲಿದ್ದು ಬ್ಲೆಂಡರ್‌ನಲ್ಲಿ ಒತ್ತಕ್ಷರ ಒಡೆದರೆ, ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಬರೆದು ‘ಪಾತ್’ (ಗೆರೆಯ ಆಕಾರ) ಆಗಿ ಬದಲಿಸಿ, ಎಸ್‌ವಿಜಿ ಫೈಲಾಗಿ ತಂದುಕೊಳ್ಳಿ. ಧ್ವನಿ 48 ಕಿಲೋಹರ್ಟ್ಸ್, 24 ಬಿಟ್ ವೇವ್ ಇರಲಿ. ವಚನ ಹಾಡಿಸಿದ್ದರೆ ಸಾಹಿತ್ಯಕ್ಕೆ ಯಾರ ಅನುಮತಿಯೂ ಬೇಡ. ರಾಗ ಹಾಕಿದವರದು, ಹಾಡಿದ ಧ್ವನಿಮುದ್ರಣದ್ದು ಬೇಕು, ಅದೂ ಲಿಖಿತವಾಗಿ.

ಆಯ್ಕೆಯ ಹಂತಕ್ಕೆ ಸಾಮಾನ್ಯವಾಗಿ 1080ಪಿ ಎಂಪಿ4 ಸಾಕು, ಅಂದರೆ ನಿಮ್ಮ ಎಂಪಿ4ಗೆ ಸರದಿ ಬರುವುದು ಈಗ. ಮಾತಿದ್ದರೆ ಇಂಗ್ಲಿಷ್ ಸಬ್‌ಟೈಟಲ್ ಬೇಕು. ಆಯ್ಕೆಯಾದ ಮೇಲೆ ಪ್ರೋರೆಸ್ ಎಂಬ ಉತ್ತಮ ಗುಣಮಟ್ಟದ ವಿಡಿಯೋ ಅಥವಾ ಚಿತ್ರಮಂದಿರದ ಡಿಸಿಪಿ (ಡಿಜಿಟಲ್ ಸಿನಿಮಾ ಪ್ಯಾಕೇಜ್) ಕೇಳುತ್ತಾರೆ. ಡಿಸಿಪಿ-ಒ-ಮ್ಯಾಟಿಕ್ ಎಂಬ ಉಚಿತ ತಂತ್ರಾಂಶ ಅದನ್ನು ಮಾಡಿಕೊಡುತ್ತದೆ. ಡಿಸಿಪಿಯ 1998×1080ರ ಚೌಕಟ್ಟಿನಲ್ಲಿ ನಿಮ್ಮ 1920 ಪಿಕ್ಸೆಲ್ ಕೂತಾಗ ಎಡಬಲದಲ್ಲಿ 39 ಪಿಕ್ಸೆಲ್‌ನ ಕಪ್ಪು ಅಂಚು ಉಳಿಯುತ್ತದೆ. ಗಾಬರಿ ಬೇಡ, ಹಿಗ್ಗಿಸಲೂ ಬೇಡ.

ಫಲಿತಾಂಶ ಬರುವವರೆಗೆ ಯೂಟ್ಯೂಬ್‌ಗೆ ಹಾಕದಿರುವುದು ಕ್ಷೇಮ. ಆನ್‌ಲೈನ್‌ನಲ್ಲಿ ಬಂದ ಚಿತ್ರವನ್ನು ಕೆಲವು ಉತ್ಸವಗಳು ತೆಗೆದುಕೊಳ್ಳುವುದಿಲ್ಲ. ಶುಲ್ಕ ಡಾಲರ್‌ನಲ್ಲಿದ್ದರೆ ಬ್ಯಾಂಕ್ ಆ್ಯಪ್‌ನಲ್ಲಿ ಕಾರ್ಡಿನ ಅಂತರರಾಷ್ಟ್ರೀಯ ವಹಿವಾಟನ್ನು ಮೊದಲೇ ಆನ್ ಮಾಡಿಡಿ. ಗಡುವು ಯುಟಿಸಿ (ಜಾಗತಿಕ ಪ್ರಮಾಣಿತ) ಸಮಯದಲ್ಲಿದ್ದರೆ ಐದೂವರೆ ಗಂಟೆ ಕೂಡಿಸಿ: ಅಲ್ಲಿನ ರಾತ್ರಿ 10 ಗಂಟೆ ಎಂದರೆ ನಮಗೆ ಮರುದಿನ ನಸುಕಿನ 3.30.