ಟೆರಿ ಅಕ್ಕತಂಗಿಯರು: ಮದುವೆಯಾದ ಮೇಲೆ ನಟನೆ ಏನಾಯಿತು?

ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನ ರಂಗಭೂಮಿ ಓದುವಾಗ ಟೆರಿ ಮನೆತನ ಮತ್ತೆ ಮತ್ತೆ ಎದುರಾಗುತ್ತದೆ. ನಾಲ್ವರು ಅಕ್ಕತಂಗಿಯರು: ಕೇಟ್, ಎಲೆನ್, ಮರಿಯನ್, ಫ್ಲಾರೆನ್ಸ್. ಸುಮ್ನೆ ಇಸವಿ ಬಾಯಿಪಾಠ ಮಾಡುವ ಬದಲು, ಮೇಲಿನ ಪ್ರಶ್ನೆ ಹಿಡಿದು ಓದಿ ನೋಡಿ. ನಾಲ್ವರೂ ಬೇರೆ ಬೇರೆಯಾಗಿ ನೆನಪಿನಲ್ಲಿ ಉಳಿಯುತ್ತಾರೆ.

ಅಪ್ಪ ಬೆಂಜಮಿನ್, ಅಮ್ಮ ಸಾರಾ ಇಬ್ಬರೂ ಊರೂರು ತಿರುಗಿ ನಾಟಕ ಆಡುತ್ತಿದ್ದವರು. ಹಾಗಾಗಿ ಮಕ್ಕಳು ಹುಟ್ಟಿದ ಊರುಗಳೂ ಬೇರೆ ಬೇರೆ. ಕೇಟ್ 1844ರಲ್ಲಿ ಫಾಲ್ಮತ್‌ನಲ್ಲಿ, ಎಲೆನ್ 1847ರಲ್ಲಿ ಕೊವೆಂಟ್ರಿಯಲ್ಲಿ. ಬಣ್ಣ ಹಚ್ಚುವುದು ಇವರಿಗೆ ಮನೆಯ ಕಸುಬು.

ಎಲೆನ್ 1856ರ ಏಪ್ರಿಲ್ 28ರಂದು ಲಂಡನ್ನಿನ ಪ್ರಿನ್ಸೆಸ್ ಥಿಯೇಟರ್‌ನಲ್ಲಿ ಮೊದಲ ಸಲ ರಂಗ ಹತ್ತಿದಳು. ಆಗ ಅವಳಿಗೆ 9 ವರ್ಷ. ಪಾತ್ರ ಷೇಕ್ಸ್‌ಪಿಯರ್ ನಾಟಕದ ಪುಟ್ಟ ರಾಜಕುಮಾರನದ್ದು, ಸಂಬಳ ವಾರಕ್ಕೆ 15 ಶಿಲಿಂಗ್. ಅಂದು ಪ್ರೇಕ್ಷಕರಲ್ಲಿ ರಾಣಿಯೂ ಇದ್ದರು. ಆಟಿಕೆ ಗಾಡಿ ಕಾಲಿಗೆ ಸಿಕ್ಕಿ ಹುಡುಗಿ ಎಡವಿ ಬಿದ್ದಳು.

ಆ ಥಿಯೇಟರಿನ ನಾಟಕ ಕಂಪನಿಯಲ್ಲೇ ನಡೆದ ಇನ್ನೊಂದು ಘಟನೆ ನನಗೆ ತುಂಬಾ ಮುಖ್ಯ ಅನಿಸುತ್ತದೆ. ತುಂಟ ಯಕ್ಷ ಪಕ್‌ನ ಪಾತ್ರದಲ್ಲಿ ಎಲೆನ್ ಕೊನೆಯ ಮಾತಿಗೆ ರಂಗದ ನೆಲದಲ್ಲಿದ್ದ ಬಾಗಿಲಿನಿಂದ ಮೇಲೆ ಬರಬೇಕಿತ್ತು. ಬಾಗಿಲು ಬೇಗ ಮುಚ್ಚಿ ಅವಳ ಕಾಲ್ಬೆರಳು ಸಿಕ್ಕಿಕೊಂಡಿತು. ಅಂದು ಕೇಟ್ ಕೂಡ ರಂಗದ ಮೇಲಿದ್ದಳು. ಬಾಗಿಲು ತೆರೆಯಲಿ ಎಂದು ಕಾಲಿನಿಂದ ನೆಲ ಬಡಿದಳು, ಅದು ಇನ್ನಷ್ಟು ಬಿಗಿಯಿತು. ಕಂಪನಿ ಯಜಮಾನರ ಹೆಂಡತಿ ಓಡಿ ಬಂದು ಬಿಡಿಸಿದರು. ನಾಟಕ ಮುಗಿಸಿದರೆ ಸಂಬಳ ಎರಡರಷ್ಟು ಮಾಡುತ್ತೇನೆ ಎಂದು ಕಿವಿಯಲ್ಲಿ ಹೇಳಿದರು. ಅಕ್ಕ ಒಂದು ಕಡೆ, ಅವರು ಇನ್ನೊಂದು ಕಡೆ ಹಿಡಿದುಕೊಂಡರು. ಮಗು ಅಳುತ್ತಲೇ ಮಾತು ಮುಗಿಸಿತು. ಸಂಬಳ 30 ಶಿಲಿಂಗ್ ಆಯಿತು. ಮಕ್ಕಳ ನಟನೆ ಅಂದರೆ ಮುದ್ದು ಮಾತ್ರ ಅಲ್ಲ, ದುಡಿಮೆ ಅನ್ನುವುದು ಇಲ್ಲಿ ಕಾಣುತ್ತದೆ ಅಲ್ವಾ?

ಈಗ ಪ್ರಶ್ನೆಗೆ ಬರೋಣ. 1860ರ ದಶಕದಲ್ಲಿ ದೊಡ್ಡ ತಾರೆ ಎಲೆನ್ ಅಲ್ಲ, ಕೇಟ್. 1867ರಲ್ಲಿ, 23ರ ವಯಸ್ಸಿಗೆ, ಶ್ರೀಮಂತ ವ್ಯಾಪಾರಿ ಆರ್ಥರ್ ಲೂಯಿಸ್‌ನನ್ನು ಮದುವೆಯಾಗಿ ರಂಗ ಬಿಟ್ಟಳು. ಅವನು ಕೊಟ್ಟ ಚಿನ್ನದ ಬಳೆಯ ಮೇಲೆ, ಯಾರಿಗಾಗಿ ರಂಗ ಬಿಡುತ್ತಿದ್ದಾಳೋ ಅವನಿಂದ ಈ ಉಡುಗೊರೆ ಎಂಬರ್ಥದ ಸಾಲು ಕೆತ್ತಿತ್ತು. ಪ್ರೀತಿಯ ಮಾತೇ ಸರಿ, ಆದರೆ ಓದಿದಾಗೆಲ್ಲ ನನಗೆ ಸಂಕಟವಾಗುತ್ತದೆ. ಫ್ಲಾರೆನ್ಸ್ ಕೂಡ 1882ರಲ್ಲಿ ಮದುವೆಯಾಗಿ ನಟನೆ ನಿಲ್ಲಿಸಿದಳು. ಮರಿಯನ್ ಮದುವೆಯಾಗಲೇ ಇಲ್ಲ. 1873ರಿಂದ ಸುಮಾರು 50 ವರ್ಷ ನಟಿಸಿದಳು.

ಎಲೆನ್ ದಾರಿ ಬೇರೆ. 1864ರಲ್ಲಿ, 17 ತುಂಬುವ ಮೊದಲೇ, 46 ವರ್ಷದ ಚಿತ್ರಕಾರ ವಾಟ್ಸ್ ಜೊತೆ ಮದುವೆಯಾಯಿತು. ವರ್ಷದೊಳಗೆ ಬೇರೆಯಾದರು. 1868ರಲ್ಲಿ ವಾಸ್ತುಶಿಲ್ಪಿ ಗಾಡ್ವಿನ್ ಜೊತೆ ಹಳ್ಳಿಗೆ ಹೋದಳು, ಇಬ್ಬರು ಮಕ್ಕಳಾದರು. ವಿಚ್ಛೇದನ ಆಗಿರಲಿಲ್ಲ, ಆ ಕಾಲಕ್ಕೆ ಇದು ದೊಡ್ಡ ಕಳಂಕ. ಆದರೂ ಹಣದ ಅಡಚಣೆ ಬಂದಾಗ ಅವಳ ಕೈ ಹಿಡಿದದ್ದು ಕಲಿತ ಕಸುಬು. ನಾಟಕಕಾರ ಚಾರ್ಲ್ಸ್ ರೀಡ್ ವಾಪಸ್ ಬಾ ಎಂದಾಗ ವಾರಕ್ಕೆ 40 ಪೌಂಡ್ ಕೇಳಿದಳು. ಅವನು ಒಪ್ಪಿದ. ಒಂದು ಪೌಂಡ್ ಅಂದರೆ 20 ಶಿಲಿಂಗ್, ಲೆಕ್ಕ ಹಾಕಿ ನೋಡಿ. 1874ರಲ್ಲಿ ಮತ್ತೆ ರಂಗಕ್ಕೆ ಬಂದಳು. 1878ರಿಂದ 1902ರವರೆಗೆ ಲಂಡನ್ನಿನ ಲೈಸಿಯಮ್ ಥಿಯೇಟರ್‌ನಲ್ಲಿ ಹೆಸರಾಂತ ನಟ ಹೆನ್ರಿ ಇರ್ವಿಂಗ್ ಎದುರು ನಾಯಕಿಯಾಗಿದ್ದಳು.

1906ರ ಜೂನ್ 12ರಂದು, ಅಂದರೆ ಎಡ್ವರ್ಡ್ ದೊರೆಯ ಕಾಲದಲ್ಲಿ, ಎಲೆನ್ ರಂಗ ಹತ್ತಿ 50 ವರ್ಷವಾದ ಸಂಭ್ರಮ ಡ್ರೂರಿ ಲೇನ್ ಥಿಯೇಟರ್‌ನಲ್ಲಿ ನಡೆಯಿತು. ಫ್ಲಾರೆನ್ಸ್ ತೀರಿಕೊಂಡು 10 ವರ್ಷವಾಗಿತ್ತು. ಮರಿಯನ್ ಇದ್ದಳು, ತಮ್ಮ ಫ್ರೆಡ್ ಇದ್ದ. ಬಳೆ ತೊಟ್ಟು ರಂಗ ಬಿಟ್ಟಿದ್ದ ಕೇಟ್ ಕೂಡ ಅಂದು ತಂಗಿಯ ಜೊತೆ ಬಣ್ಣ ಹಚ್ಚಿದಳು.