ಒಂದೆಲಗ ಬೇರೆ, ಬ್ರಾಹ್ಮಿ ಬೇರೆ

ಫೆಬ್ರವರಿ ಬಂತೆಂದರೆ ಶಿರಸಿಯ ನನ್ನ ಚಿಕಿತ್ಸಾಲಯಕ್ಕೆ ಎಸ್ಸೆಸ್ಸೆಲ್ಸಿ ಮಕ್ಕಳ ತಾಯಂದಿರು ಬರುವುದು ಜಾಸ್ತಿ. ಮೊನ್ನೆ ಒಬ್ಬರು ಚೀಲದಿಂದ ಪುಡಿಯ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. 'ಡಾಕ್ಟ್ರೇ, ಬ್ರಾಹ್ಮಿ ಅಂದ್ರೆ ನಮ್ಮ ತೋಟದ ಒಂದೆಲಗವೇ ಅಲ್ವಾ? ಸುಮ್ನೆ ದುಡ್ಡು ಕೊಟ್ಟೆನಾ?'

ಎರಡೂ ಬೇರೆ. ಒಂದೆಲಗ ಹೆಸರಲ್ಲೇ ಸಿಕ್ಕಿಬೀಳುತ್ತದೆ: ಉದ್ದ ತೊಟ್ಟು, ತುದಿಗೆ ಒಂದೇ ದುಂಡನೆಯ ಎಲೆ, ಅಂಚಿಗೆ ಸಣ್ಣ ಕಚ್ಚು. ಸಂಸ್ಕೃತದಲ್ಲಿ ಮಂಡೂಕಪರ್ಣಿ. ಬ್ರಾಹ್ಮಿ ಅಂದರೆ ನೀರುಬ್ರಾಹ್ಮಿ, ಅದರದ್ದು ಜೋಡಿ ಜೋಡಿ ಪುಟ್ಟ ದಪ್ಪ ಎಲೆ, ನಾಲಗೆಗಿಟ್ಟರೆ ಕಹಿ. ಎರಡನ್ನೂ ಬುದ್ಧಿಗೆ ಒಳ್ಳೆಯದು ಎನ್ನುತ್ತಾರೆ, ಹಾಗಾಗಿ ಅಂಗಡಿಯಲ್ಲೂ ಹೆಸರು ಅದಲುಬದಲು.

ಚರಕಸಂಹಿತೆ ಹೇಳುವ ನಾಲ್ಕು ಮೇಧ್ಯ ರಸಾಯನಗಳಲ್ಲಿ (ಬುದ್ಧಿಗೆ ಬಲ ಕೊಡುವ ಔಷಧಗಳಲ್ಲಿ) ಮಂಡೂಕಪರ್ಣಿಯ ರಸವೂ ಒಂದು. ಆದರೆ ನೆನಪಿನ ಶಕ್ತಿಯ ವಿಷಯದಲ್ಲಿ ಈಗಿನ ಪ್ರಯೋಗಗಳು ಬ್ರಾಹ್ಮಿಯ ಕಡೆಗೇ ಸ್ವಲ್ಪ ವಾಲುತ್ತವೆ. ಅದೂ ದಿನಕ್ಕೆ 300 ಮಿಲಿಗ್ರಾಂ ಸಾರ, ಸುಮಾರು 12 ವಾರ. ಫೆಬ್ರವರಿಯಲ್ಲಿ ಡಬ್ಬಿ ತೆರೆದರೆ ಗುಣ ಕಾಣುವ ಹೊತ್ತಿಗೆ ಪರೀಕ್ಷೆಯೇ ಮುಗಿದಿರುತ್ತದೆ!

ಒಂದೆಲಗದ ನಿಜವಾದ ಗಟ್ಟಿತನ ಚರ್ಮದಲ್ಲಿದೆ. ಅದರಲ್ಲಿರುವ ಏಷಿಯಾಟಿಕೋಸೈಡ್ ಎಂಬ ಅಂಶ ಗಾಯ ಕೂಡಲು ಬೇಕಾದ ಕೊಲಾಜೆನ್ ಹೆಚ್ಚಿಸುತ್ತದೆ. 'ಸಿಕಾ' ಎಂದು ಮಾರುವ ದುಬಾರಿ ಕ್ರೀಮಿನೊಳಗಿರುವುದೂ ಇದೇ ಬಳ್ಳಿ. ಹಾಗಂತ ಹಸಿ ಎಲೆ ಜಜ್ಜಿ ತೆರೆದ ಗಾಯಕ್ಕೆ ಮೆತ್ತಬೇಡಿ. ಮಣ್ಣಿನ ಸೋಂಕೂ ಜೊತೆಗೆ ಬರುತ್ತದೆ.

ಮನೆಗೆ ತಂಬುಳಿಯೇ ಸರಿ. ಜೀರಿಗೆ, ನಾಲ್ಕು ಕಾಳುಮೆಣಸು, ಒಂದು ಹಿಡಿ ಎಲೆ ತುಪ್ಪದಲ್ಲಿ ಬಾಡಿಸಿ, ಕಾಯಿತುರಿ ಜೊತೆ ಬೀಸಿ, ಮಜ್ಜಿಗೆಗೆ ಕದಡಿದರೆ ಆಯಿತು. ಬಾಯಿಹುಣ್ಣಿಗೆ ನಮ್ಮ ಕಡೆ ಮೊದಲು ನೆನಪಾಗುವುದೂ ಇದೇ. ವಾರಗಟ್ಟಲೆ ಒಂದೆಲಗದ ಮಾತ್ರೆ ನುಂಗುವುದು ಮಾತ್ರ ಬೇರೆ ಲೆಕ್ಕ. ಹಾಗೆ ತೆಗೆದುಕೊಂಡ ಮೂವರು ಹೆಂಗಸರಿಗೆ ಲಿವರ್ ಕೆಟ್ಟ ವರದಿ 2005ರಲ್ಲಿ ಬಂದಿದೆ. ಲಿವರ್ ತೊಂದರೆ ಇದ್ದವರು, ಬಸುರಿಯರು ಮಾತ್ರೆಯ ತಂಟೆಗೆ ಹೋಗಬೇಡಿ.

ಇನ್ನೊಂದು, ಎಲೆ ಎಲ್ಲಿ ಕೊಯ್ದಿರಿ ಅಂತ ನಾನು ತಪ್ಪದೆ ಕೇಳುತ್ತೇನೆ. ಒಂದೆಲಗ ಹಬ್ಬುವುದು ತೋಟದ ಬಸಿಗಾಲುವೆಯ ಅಂಚಿಗೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಅಡಿಕೆ ಕೊನೆಗೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆದರೆ ಆ ಮೈಲುತುತ್ತದ ನೀರು ತೊಟ್ಟಿಕ್ಕುವುದೂ ಅಲ್ಲಿಗೇ. ಎಲೆಯ ಮೇಲೆ ತಿಳಿನೀಲಿ ಕಲೆ ಕಂಡರೆ ಕೊಯ್ಯಲೇಬೇಡಿ. ಒಂದು ಹಳೆಯ ಬಕೆಟ್‌ನಲ್ಲಿ ಎರಡು ಗಿಣ್ಣು ಊರಿ, ಬಾವಿಕಟ್ಟೆ ಹತ್ತಿರದ ನೆರಳಲ್ಲಿಡಿ. ಆ ತಾಯಿಗೂ ಅದನ್ನೇ ಹೇಳಿದೆ. ಡಬ್ಬಿಯನ್ನು ಚೀಲಕ್ಕೆ ವಾಪಸ್ ಹಾಕಿಕೊಳ್ಳುತ್ತಾ, 'ಬಕೆಟ್ ಇದ್ದು, ತಳ ಒಡೆದದ್ದು ಆಗ್ತದಾ?' ಎಂದರು. ನೀರು ಬಸಿಯಲು ಅದೇ ಒಳ್ಳೆಯದು ಎಂದೆ.